ಕೆಂದಿಯ ಬಾಯಲ್ಲಿ ಕೋಳಿ ಗರಿ

ಅವತ್ತು ಭಾನುವಾರ ಬೆಳಿಗ್ಗೆ ರೇವಣಸಿದ್ದಪ್ಪ ಮೇಷ್ಟ್ರು ಹಲ್ಲುಜ್ಜಿಕೊಂಡು ಸುಮ್ಮನೆ ಒಳಗೆ ಹೋಗಿದ್ದರೆ ಏನೂ ಆಗುತ್ತಿರಲಿಲ್ಲ. ಬಾಯಲ್ಲಿ ಹಲ್ಲುಪುಡಿ ಇದ್ದಷ್ಟು ಹೊತ್ತು ಅವರು ಯಾರ ತಂಟೆಗೂ ಹೋದವರಲ್ಲ. ಮುಕ್ಕಳಿಸಿ ಉಗುಳಿದ ಮೇಲೆ ಬಾಯಿ ಖಾಲಿಯಾಯಿತು. ಖಾಲಿ ಬಾಯಿಯನ್ನು ಸುಮ್ಮನಿಟ್ಟುಕೊಳ್ಳುವುದು ಮಿಡ್ಲ್ ಸ್ಕೂಲಿನಲ್ಲಿ ಹದಿನಾಲ್ಕು ವರ್ಷ ವಿಜ್ಞಾನ ಹೇಳಿಕೊಟ್ಟವರಿಗೆ ಆಗದ ಕೆಲಸ.

ರಾಜಾಜಿನಗರದಲ್ಲಿ ಆಗ ಮನೆಗಳಿಗಿಂತ ಸೈಟಿನ ಕಲ್ಲುಗಳೇ ಜಾಸ್ತಿ. ಒಂದು ಮನೆ, ನಾಲ್ಕು ಖಾಲಿ ಸೈಟು, ಲಂಟಾನದ ಪೊದೆ, ಬಲ್ಬಿಲ್ಲದ ದೀಪದ ಕಂಬ, ಮತ್ತೆ ಒಂದು ಮನೆ. ಹಾಗಿದ್ದ ಒಂದು ಬೀದಿಯಲ್ಲಿ ತಾಲ್ಲೂಕು ಕಚೇರಿಯಿಂದ ನಿವೃತ್ತರಾಗಿದ್ದ ಶಂಭುಲಿಂಗಪ್ಪನವರು ಮನೆ ಕಟ್ಟಿಸಿ, ಹಿಂದಿನ ಎರಡು ಕೋಣೆಗಳನ್ನು ಮೇಷ್ಟ್ರಿಗೆ ಬಾಡಿಗೆಗೆ ಕೊಟ್ಟಿದ್ದರು. ಕೊಡುವಾಗ ಹಾಕಿದ್ದು ಒಂದೇ ಷರತ್ತು: ಮನೆಯಲ್ಲಿ ಮಡಿ, ಶುದ್ಧ, ಸಸ್ಯಾಹಾರ. ‘ಅದಕ್ಕೇನು ಯಜಮಾನರೇ, ನಾವೂ ಲಿಂಗ ಕಟ್ಟಿದವರೇ ಅಲ್ಲವೇ’ ಎಂದು ಮೇಷ್ಟ್ರು ಒಪ್ಪಿಕೊಂಡಿದ್ದರು.

ಅವತ್ತು ಜಗಲಿಯ ಮುಂದೆ ಹಾಲಿನ ಮುನಿತಾಯಮ್ಮ ತನ್ನ ಹಸು ಕೆಂದಿಯನ್ನು ಕಟ್ಟಿಕೊಂಡು ಹಾಲು ಕರೆಯುತ್ತಿದ್ದಳು. ಆಕೆ ಪಕ್ಕದ ಕೇತಮಾರನಹಳ್ಳಿಯವಳು. ಬೀದಿಯ ಹನ್ನೊಂದು ಮನೆಗಳಿಗೂ ಅವಳದೇ ಹಾಲು. ಹಸುವನ್ನೇ ಮನೆ ಬಾಗಿಲಿಗೆ ಹೊಡೆದುಕೊಂಡು ಬಂದು ಕಣ್ಣೆದುರಿಗೇ ಕರೆದು ಕೊಡುವುದರಿಂದ ನೀರು ಬೆರೆಸಿದ್ದಾಳೆ ಎನ್ನುವ ಮಾತಿಗೆ ಜಾಗವಿರಲಿಲ್ಲ. ವಿಮಲಮ್ಮನ, ಅಂದರೆ ಮೇಷ್ಟ್ರ ಹೆಂಡತಿಯ, ಪಾತ್ರೆ ತುಂಬಿ ಒಳಗೆ ಹೋಗಿತ್ತು. ಶಂಭುಲಿಂಗಪ್ಪನವರ ಪೂಜೆಯ ಹಾಲು ಕರೆಯುವುದು ಇನ್ನೂ ಬಾಕಿ.

ಹಸುವನ್ನು ನೋಡುತ್ತಾ ಶಂಭುಲಿಂಗಪ್ಪನವರಿಗೆ ಭಕ್ತಿ ಉಕ್ಕಿತು. ಎದುರು ಮನೆಯ ಉಗ್ರಪ್ಪ ಕೊಳಾಯಿ ನೀರು ಹಿಡಿದುಕೊಂಡು ಹೋಗುತ್ತಿದ್ದ. ಅವನನ್ನೇ ನಿಲ್ಲಿಸಿದರು.

‘ನೋಡಪ್ಪಾ ಉಗ್ರಪ್ಪ, ಶಿವನ ಲೆಕ್ಕಾಚಾರ ಎಷ್ಟು ಅಚ್ಚುಕಟ್ಟು! ಯಾವುದಕ್ಕೆ ಪಂಜದಲ್ಲಿ ಉಗುರು ಕೊಟ್ಟನೋ ಅದಕ್ಕೆ ಮಾಂಸ. ಯಾವುದಕ್ಕೆ ಕಾಲಿಗೆ ಗೊರಸು ಕೊಟ್ಟನೋ ಅದಕ್ಕೆ ಹುಲ್ಲು. ಗೊರಸಿರೋ ಪ್ರಾಣಿ ಮಾಂಸ ತಿಂದಿದ್ದು ಸೃಷ್ಟಿಯಲ್ಲೇ ಇಲ್ಲ.’

ಉಗ್ರಪ್ಪ ಕಾರ್ಖಾನೆಯ ಫಿಟ್ಟರು. ಹಿತ್ತಲಲ್ಲಿ ಕೋಳಿ ಸಾಕಿದ್ದ, ವಾರಕ್ಕೊಂದರಂತೆ ಅವು ಕಮ್ಮಿಯಾಗುತ್ತಿದ್ದವು. ಅವನು ಬಿಂದಿಗೆ ಇಳಿಸಿ, ಹತ್ತು ಬೆರಳನ್ನೂ ಅಗಲಿಸಿ ತೋರಿಸಿದ. ‘ನನಗೂ ಉಗುರು ಕೊಟ್ಟವ್ನೆ ಸಾಮಿ. ಅದಕ್ಕೇ ತಿಂತೀನಿ.’

ಇಷ್ಟಕ್ಕೆ ಎಲ್ಲರೂ ನಕ್ಕು ಅವರವರ ಕೆಲಸಕ್ಕೆ ಹೋಗಬಹುದಿತ್ತು. ಅಷ್ಟರಲ್ಲಿ ಮೇಷ್ಟ್ರು ಬಾಯಿ ಮುಕ್ಕಳಿಸಿದರು.

‘ಹಾಗೆ ಹೇಳೋಕಾಗಲ್ಲ ಯಜಮಾನರೇ. ಹಂದಿ ಕಾಲಲ್ಲಿ ಇರೋದು ಗೊರಸೇ. ಅದು ಏನನ್ನ ಬಿಡುತ್ತೆ ಹೇಳಿ?’

‘ಹಂದಿ ವಿಷಯ ಬೆಳಿಗ್ಗೆ ಬೆಳಿಗ್ಗೆ ಯಾಕೆ ಮೇಷ್ಟ್ರೇ?’

‘ಹೋಗಲಿ ಬಿಡಿ. ಕೋಟ್ಯಂತರ ವರ್ಷದ ಹಿಂದೆ ತೋಳದ ಹಾಗಿದ್ದ ಪ್ರಾಣಿಗಳಿದ್ದವು. ಬೆರಳ ತುದಿಗೆ ಪಂಜದ ಉಗುರಿನ ಬದಲು ಪುಟ್ಟ ಪುಟ್ಟ ಗೊರಸು. ಮೂಳೆ ಸಿಕ್ಕಿದೆ, ಹಲ್ಲು ಸಿಕ್ಕಿದೆ. ಬೇಟೆಯಾಡಿ ಮಾಂಸ ತಿಂತಿದ್ದವು.’

‘ಗೊರಸಲ್ಲಿ ಹೇಗ್ರೀ ಬೇಟೆ ಹಿಡಿಯೋದು?’

‘ತೋಳ ಏನು ಕೈಯಲ್ಲಿ ಹಿಡಿಯುತ್ತಾ? ಬಾಯಲ್ಲಿ ತಾನೆ! ಓಡೋಕೆ ಗೊರಸು, ಹಿಡಿಯೋಕೆ ಬಾಯಿ. ಹುಲ್ಲು ಸಿಗದೆ ಮಾಂಸವೇ ಸಿಗ್ತಾ ಹೋದರೆ ಈ ನಮ್ಮ ಹಸುವಿನ ವಂಶವೂ ಕೋರೆಹಲ್ಲು ಬೆಳೆಸಿಕೊಂಡು ಬೇಟೆಗಿಳಿಯಬಹುದು. ಆದರೆ ಅದಕ್ಕೆ ಕೋಟಿಗಟ್ಟಲೆ ವರ್ಷ ಬೇಕು.’

ಈ ಕೊನೆಯ ಮಾತು ಯಾರ ಕಿವಿಗೂ ಬೀಳಲಿಲ್ಲ. ಯಾಕೆಂದರೆ ಅದೇ ಹೊತ್ತಿಗೆ ಎದುರು ಹಿತ್ತಲಿನಿಂದ ಉಗ್ರಪ್ಪನ ಹೆಂಡತಿ ಕೂಗಿದಳು: ‘ರೀ, ಕೋಳಿಮರಿ ಒಂದು ಕಮ್ಮಿ ಐತೆ!’ ಎಲ್ಲರೂ ಆ ಕಡೆ ತಿರುಗಿದರು. ತಿರುಗಿದವರು ಹಾಗೇ ಕೆಂದಿಯ ಕಡೆ ನೋಡಿದರು. ಕೆಂದಿ ಕಣ್ಣು ಅರೆಮುಚ್ಚಿಕೊಂಡು ಏನನ್ನೋ ಮೆಲ್ಲುತ್ತಿತ್ತು. ಅದರ ತುಟಿಯಂಚಿನಲ್ಲಿ, ಗುಮಾಸ್ತರ ಕಿವಿಯಲ್ಲಿ ಸಿಕ್ಕಿಸಿದ ಪೆನ್ಸಿಲಿನಂತೆ, ಒಂದು ಬಿಳಿ ಕೋಳಿ ಗರಿ ನೆಟ್ಟಗೆ ನಿಂತಿತ್ತು.

‘ಶಿವ ಶಿವಾ!’ ಎಂದರು ಶಂಭುಲಿಂಗಪ್ಪನವರು. ‘ಮೇಷ್ಟ್ರು ಹೇಳಿ ಬಾಯಿ ಮುಚ್ಚಿಲ್ಲ, ಹಸು ಬಾಯಿ ತೆರೀತು!’

‘ಕೋಟಿ ವರ್ಷ ಅಂದೆ ಯಜಮಾನರೇ...’

‘ಯಾವತ್ತಿಂದ ಲೆಕ್ಕ ಹಿಡಿದ್ರಿ ನೀವು? ಇವತ್ತಿಗೆ ಮುಗಿದಿರಬೇಕು.’

ಮುನಿತಾಯಮ್ಮ ಗರಿಯನ್ನು ಕಿತ್ತು ಸೆರಗಿನಲ್ಲಿ ಮುಚ್ಚಿಕೊಳ್ಳುವಷ್ಟರಲ್ಲಿ ಸುದ್ದಿ ಹನ್ನೊಂದು ಮನೆಗಳನ್ನೂ ಮುಟ್ಟಿತ್ತು. ಪಾತ್ರೆ ಹಿಡಿದು ಬಂದವರು ಪಾತ್ರೆ ಹಿಡಿದೇ ನಿಂತರು. ಕೋಳಿ ತಿಂದ ಹಸುವಿನ ಹಾಲು ಸಸ್ಯಾಹಾರವೋ ಮಾಂಸಾಹಾರವೋ? ನಾಲ್ಕು ತಿಂಗಳಿಂದ ಇದೇ ಹಾಲಿನಲ್ಲಿ ಶಿವನಿಗೆ ಅಭಿಷೇಕ ಮಾಡಿದ ಶಂಭುಲಿಂಗಪ್ಪನವರ ಗತಿ ಏನು? ಇದಕ್ಕೆ ಯಾವ ಪ್ರಾಯಶ್ಚಿತ್ತ? ಕೋಳಿ ಸಾಕಿದ ಉಗ್ರಪ್ಪನೂ ಅವತ್ತು ಹಾಲು ಬೇಡವೆಂದ. ‘ನಾವು ತಿಂದ್ರೆ ತಪ್ಪಿಲ್ಲ ಬಿಡಿ. ಹಸು ತಿನ್ನೋದು ಸರಿಯಿಲ್ಲ’ ಎನ್ನುವುದು ಅವನ ವಾದ.

ಶಂಭುಲಿಂಗಪ್ಪನವರು ಜಗಲಿಯ ಮೇಲೆ ಚಕ್ಕಂಬಕ್ಕಳ ಹಾಕಿ ಕೂತುಬಿಟ್ಟರು. ‘ಇದು ತೀರ್ಮಾನ ಆಗೋವರೆಗೂ ನನ್ನ ಬಾಯಿಗೆ ತೊಟ್ಟು ನೀರೂ ಬೀಳಲ್ಲ. ಮೇಷ್ಟ್ರೇ, ನೀವೇ ಎಬ್ಬಿಸಿದ್ದು, ನೀವೇ ಕೂರಿಸಿ. ಇಲ್ಲದಿದ್ದರೆ ಬೇರೆ ಮನೆ ನೋಡ್ಕೊಳ್ಳಿ.’

‘ಹಾಗಾದ್ರೆ ಒಂದು ಪರೀಕ್ಷೆ ಮಾಡೋಣ’ ಎಂದರು ಮೇಷ್ಟ್ರು. ಪ್ರಯೋಗಶಾಲೆಯಿಲ್ಲದ ಸ್ಕೂಲಿನಲ್ಲಿ ಕೆಲಸ ಮಾಡಿ ಮಾಡಿ ಅವರಿಗೆ ಪ್ರಯೋಗವೆಂದರೆ ಆಸೆ ಜಾಸ್ತಿಯಾಗಿತ್ತು. ಪಕ್ಕದ ಖಾಲಿ ಸೈಟಿನಲ್ಲಿ ಒಂದು ಕಡೆ ಹಸಿ ಹುಲ್ಲು, ಇನ್ನೊಂದು ಕಡೆ ಉಗ್ರಪ್ಪನ ಮನೆಯಿಂದ ಬಾಳೆಲೆಯ ತುಂಡಿನಲ್ಲಿ ನಿನ್ನೆಯ ಕೋಳಿ ಸಾರಿನ ತುಣುಕು ತಂದಿಟ್ಟರು. ಜನ ಸುತ್ತ ನಿಂತರು. ಮೇಷ್ಟ್ರು ಮಧ್ಯೆ ನಿಂತು, ‘ಯಾರೂ ಅದನ್ನ ಹೆದರಿಸಬೇಡಿ’ ಎಂದರು.

ಕೆಂದಿ ಹುಲ್ಲನ್ನು ಮೂಸಿತು. ತುಣುಕನ್ನು ಮೂಸಿತು. ಎರಡನ್ನೂ ಬಿಟ್ಟು ನೆಟ್ಟಗೆ ಮೇಷ್ಟ್ರ ಹತ್ತಿರ ಬಂದು ಅವರ ಹೆಗಲ ಮೇಲಿನ ಟವಲನ್ನು ಎಳೆದುಕೊಂಡು ಅಗಿಯತೊಡಗಿತು.

‘ಅಯ್ಯಯ್ಯೋ, ಮನುಷ್ಯರ ವಾಸನೆ ಹಿಡೀತು!’ ಎಂದು ಯಾರೋ ಕಿರುಚಿದರು. ಜನ ಸೈಟಿನ ಕಲ್ಲು ಎಡವಿಕೊಂಡು ಓಡಿದರು. ಮೇಷ್ಟ್ರು ಟವಲಿನ ಇನ್ನೊಂದು ತುದಿ ಹಿಡಿದು ಎಳೆಯುತ್ತಾ, ‘ಉಪ್ಪು! ಬೆವರಿನ ಉಪ್ಪಿಗೆ ಬಂದಿದೆ ಅದು!’ ಎಂದು ಕೂಗಿದರು. ಯಾರು ಕೇಳುತ್ತಾರೆ? ದೂರದಿಂದ ನೋಡುವವರಿಗೆ ಹಸುವೊಂದು ವಿಜ್ಞಾನದ ಮೇಷ್ಟ್ರನ್ನು ಬಟ್ಟೆಯಿಂದ ಶುರುಮಾಡಿ ತಿನ್ನುತ್ತಿರುವ ಹಾಗೇ ಕಾಣುತ್ತಿತ್ತು.

ಉಗ್ರಪ್ಪ ಸೈಕಲ್ ಹತ್ತಿ ಹೋಗಿ ದನದ ಆಸ್ಪತ್ರೆಯ ಕಾಂಪೌಂಡರ್ ಬೆಟ್ಟಯ್ಯನನ್ನು ಕರೆತಂದ. ಬೆಟ್ಟಯ್ಯ ಮಾತು ಕಮ್ಮಿಯ ಮನುಷ್ಯ. ಬಂದವನೇ ಕೆಂದಿಯ ಬಾಯಿ ಅಗಲಿಸಿ, ಒಳಗೆ ಟಾರ್ಚ್ ಬಿಟ್ಟು ನೋಡಿ, ನಾಲಗೆ ಎಳೆದು ನೋಡಿ, ಕೈಯನ್ನು ಅದರ ಮೈಗೇ ಒರೆಸಿಕೊಂಡ.

ಮೇಷ್ಟ್ರು ಆಸೆಯಿಂದ ಕೇಳಿದರು. ‘ಹೇಳಿ ಬೆಟ್ಟಯ್ಯನವರೇ. ಹಸು ಮಾಂಸ ತಿನ್ನೋಲ್ಲ ಅಂತ ಇವರಿಗೆ ಸ್ವಲ್ಪ ಹೇಳಿ.’

‘ತಿಂತವೆ’ ಎಂದ ಬೆಟ್ಟಯ್ಯ.

‘ಆಂ?’

‘ಮೇವಲ್ಲಿ ಸತ್ವ ಕಮ್ಮಿಯಾದ್ರೆ ಮೂಳೆ ಕಡೀತವೆ, ಚರ್ಮ ಕಡೀತವೆ, ಗರಿ ಮೆಲ್ತವೆ. ಒಂದೊಂದ್ಸಲ ಕಾಲಡಿ ಸಿಕ್ಕಿದ ಕೋಳಿಮರಿನೂ ನುಂಗ್ತವೆ. ನಾನೇ ಕಂಡಿದೀನಿ.’

ಜಗಲಿಯ ಮೇಲಿಂದ ಒಂದು ನರಳಾಟ ಕೇಳಿಸಿತು.

‘ಇದಕ್ಕೆ ಔಷಧಿ ಏನೂ ಇಲ್ವಾ?’ ಮೇಷ್ಟ್ರ ದನಿ ಸಣ್ಣದಾಗಿತ್ತು.

‘ಇದೆ. ದಿನಾ ಒಂದು ಹಿಡಿ ಮೂಳೆ ಪುಡಿ ಬೂಸದಲ್ಲಿ ಕಲಸಿ ತಿನ್ನಿಸಿ.’

ಬೆಟ್ಟಯ್ಯ ತನ್ನ ಸೈಕಲ್ ಹತ್ತಿ ಹಿಂದಿರುಗಿದ. ಬೀದಿಯ ಜನಕ್ಕೆ ಈಗ ಉಳಿದಿದ್ದ ಚೂರು ಅನುಮಾನವೂ ಹೋಯಿತು. ವಿಜ್ಞಾನದ ಮೇಷ್ಟ್ರು ಹೇಳಿದ್ದಾಯಿತು, ದನದ ಆಸ್ಪತ್ರೆಯವರೂ ಹೇಳಿದ್ದಾಯಿತು. ಸಾಲದ್ದಕ್ಕೆ ಸರ್ಕಾರದವರೇ ಹಸುವಿಗೆ ಮೂಳೆ ತಿನ್ನಿಸಿ ಅಂತಾರೆ!

ಮುನಿತಾಯಮ್ಮ ಕೆಂದಿಯ ಹಗ್ಗ ಬಿಚ್ಚಿದಳು. ವಿಮಲಮ್ಮನನ್ನು ಬಿಟ್ಟರೆ ಒಂದು ಮನೆಯವರೂ ಹಾಲು ತೆಗೆದುಕೊಂಡಿರಲಿಲ್ಲ. ಕೆಚ್ಚಲು ತುಂಬಿಕೊಂಡು ಕೆಂದಿಗೆ ನಡೆಯುವುದೂ ಕಷ್ಟವಾಗಿತ್ತು.

‘ಮೇಷ್ಟ್ರೇ, ನಮ್ ಕೆಂದಿ ನಿಮಗೇನ್ ಮಾಡಿತ್ತು?’ ಎಂದಳು. ಕಣ್ಣಲ್ಲಿ ನೀರಿತ್ತು. ‘ಇದೊಂದೇ ಕಣಪ್ಪಾ ನನಗಿರೋದು. ಇವತ್ತು ಹನ್ನೊಂದು ಮನೆ ಹೋಯ್ತು. ಹೊಸಹಳ್ಳೀಲಿ ನಮ್ಮಣ್ಣ ಅವ್ನೆ, ಅಲ್ಲಾದ್ರೂ ಯಾರಾದ್ರೂ ಹಾಲು ಕೊಂಡ್ಕೋತಾರೇನೋ ಹೊಡ್ಕೊಂಡು ಹೋಗ್ತೀನಿ. ಸುದ್ದಿ ಅಲ್ಲಿಗೂ ಬಂದ್ರೆ ಇದನ್ನ ಮಾರಿಬಿಡೋದೇ.’

ಮೇಷ್ಟ್ರು ಅರ್ಧ ಟವಲು ಹೆಗಲ ಮೇಲೆ ಹಾಕಿಕೊಂಡು ಅಲ್ಲೇ ನಿಂತರು.

ಒಳಗೆ ಹೋದರೆ ವಿಮಲಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. ‘ರೀ, ಆ ಪ್ರಾಣಿಗಳನ್ನ ನೀವು ನೋಡಿದ್ರಾ?’

‘ಯಾವ ಪ್ರಾಣಿ?’

‘ಅದೇ, ಗೊರಸಿನ ತೋಳ.’

‘ನಾನೆಲ್ಲಿ ನೋಡ್ಲಿ ವಿಮಲಾ? ಪುಸ್ತಕದಲ್ಲಿ ಓದಿದ್ದು.’

‘ಕಣ್ಣಲ್ಲಿ ಕಾಣದ್ದಕ್ಕೆ ಕಣ್ಣೆದುರಿಗಿರೋ ಹೆಂಗಸಿನ ಹೊಟ್ಟೆ ಮೇಲೆ ಹೊಡೆದ್ರಿ. ಆ ಯಜಮಾನರು ಬೆಳಗಿಂದ ನೀರೂ ಕುಡಿದಿಲ್ಲ. ಹೋಗಿ, ತಪ್ಪಾಯ್ತು ಅಂತ ಹೇಳಿ ಮುಗಿಸಿ.’

‘ಸತ್ಯ ಹೇಳಿ ತಪ್ಪಾಯ್ತು ಅಂತ ಹೇಗೆ ಹೇಳೋದು?’

‘ಹಾಗಾದ್ರೆ ಸತ್ಯಾನೇ ಬೇಯಿಸ್ಕೊಂಡು ತಿನ್ನಿ. ನಾನು ಒಲೆ ಹಚ್ಚಲ್ಲ.’

ಮೇಷ್ಟ್ರು ಹಸಿದ ಹೊಟ್ಟೆಯಲ್ಲೇ ಚಪ್ಪಲಿ ಮೆಟ್ಟಿಕೊಂಡು ಮಾಗಡಿ ರಸ್ತೆಯ ಕಡೆ ಹೊರಟರು. ಮುನಿತಾಯಮ್ಮನನ್ನು ಹಿಡಿದು ಸಮಾಧಾನ ಹೇಳೋಣವೆಂದು ಯೋಚನೆ. ರಸ್ತೆಬದಿಯ ಟೀ ಅಂಗಡಿಯ ಹತ್ತಿರ ಬಿಸಿಲಿಗೆ ದಣಿದು ಕೂತರು. ಬೆಂಚಿನ ಮೇಲೆ ಕೂತಿದ್ದ ಅಪರಿಚಿತನೊಬ್ಬ ತಾನಾಗಿಯೇ ಮಾತಿಗಿಳಿದ.

‘ಕೇಳಿದ್ರಾ ಸಾರ್? ರಾಜಾಜಿನಗರದಲ್ಲಿ ಹಸು ಒಂದು ಮೇಕೆ ತಿಂದಿದೆಯಂತೆ.’

‘ಮೇಕೆಯಲ್ಲ, ಕೋಳಿಮರಿ. ಅದೂ ಖಾತ್ರಿಯಿಲ್ಲ’ ಎಂದರು ಮೇಷ್ಟ್ರು.

‘ನಿಮಗೆ ಗೊತ್ತಿಲ್ಲ ಬಿಡಿ. ಅಲ್ಲಿ ಒಬ್ಬ ಮೇಷ್ಟ್ರಿದಾನಂತೆ, ಅವನೇ ಅಭ್ಯಾಸ ಮಾಡಿಸಿರೋದು. ಮಂತ್ರವಾದಿ ಅಂತಾರೆ. ಹೆಂಡ್ತಿನೂ ಅನ್ನ ಹಾಕಲ್ವಂತೆ.’

ಕೊನೆಯ ಮಾತು ಮಾತ್ರ ನಿಜವಾಗಿತ್ತು. ಮೇಷ್ಟ್ರು ಎದ್ದರು. ಹೊಸಹಳ್ಳಿಯವರೆಗೆ ಸುದ್ದಿ ಆಗಲೇ ಹೋಗಿರಬೇಕು, ಕೆಂದಿ ಯಾರಿಗೋ ಮಾರಾಟವಾಗಿರಬೇಕು ಎಂದುಕೊಂಡರು. ಹೆಂಡತಿಯ ಬೈಗುಳಕ್ಕಿಂತ ಮುನಿತಾಯಮ್ಮನ ಅಳುವೇ ಅವರನ್ನು ತಿನ್ನುತ್ತಿತ್ತು. ಆ ಪುರಾತನ ಪ್ರಾಣಿಗಳಾದರೋ ಸತ್ತು ಕೋಟಿ ವರ್ಷವಾಗಿದೆ, ತಾನು ಒಂದು ಸುಳ್ಳು ಹೇಳಿದರೆ ಅವಕ್ಕೇನು ನೋವೇ? ಮುನಿತಾಯಮ್ಮ ಬದುಕಿದ್ದಾಳೆ. ಅರ್ಧ ದಾರಿಯಿಂದಲೇ ಮನೆ ಕಡೆ ತಿರುಗಿದರು.

ಸಂಜೆ ಐದು ಗಂಟೆಗೆ ಮೇಷ್ಟ್ರು ಜಗಲಿ ಹತ್ತಿ ಬೀದಿಯವರನ್ನೆಲ್ಲ ಕರೆದರು. ಶಂಭುಲಿಂಗಪ್ಪನವರು ಕಂಬಕ್ಕೊರಗಿ, ಒಣಗಲು ಹಾಕಿದ ಪಂಚೆಯಂತೆ ಇಳಿಬಿದ್ದಿದ್ದರು.

‘ಮಹಾಜನಗಳೇ’ ಎಂದು ಶುರುಮಾಡಿದರು ಮೇಷ್ಟ್ರು. ‘ಬೆಳಿಗ್ಗೆ ನಾನು ಹೇಳಿದ್ದು ತಪ್ಪು. ಗೊರಸಿನ ಪ್ರಾಣಿ ಹಿಂದೆ ಮಾಂಸ ತಿಂದಿರಲಿಲ್ಲ, ಈಗ ತಿನ್ನಲ್ಲ, ಮುಂದೆ ತಿನ್ನೋದೂ ಇಲ್ಲ. ಪುಸ್ತಕದಲ್ಲಿ ಅಚ್ಚಿನ ದೋಷ.’

‘ಮತ್ತೆ ನಮ್ಮ ಕೋಳಿಮರಿ?’ ಎಂದ ಉಗ್ರಪ್ಪ.

‘ಹದ್ದು ಎತ್ಕೊಂಡು ಹೋಯ್ತು. ನಾನೇ ಕಣ್ಣಾರೆ ನೋಡಿದೆ. ಗರಿ ಮೇಲಿಂದ ಬಿತ್ತು. ಕೆಂದಿ ಪಾಪ, ಹುಲ್ಲಿನ ಜೊತೆ ಬಾಯಿಗೆ ಬಂದದ್ದನ್ನ ಮೆಲ್ತಾ ಇತ್ತು.’

‘ಇಷ್ಟೊತ್ತು ಯಾಕ್ರೀ ಹೇಳಲಿಲ್ಲ?’

‘ಹಟ’ ಎಂದು ತಲೆ ತಗ್ಗಿಸಿದರು ಮೇಷ್ಟ್ರು. ಅವರು ಹುಟ್ಟಿದಾಗಿನಿಂದ ಹೇಳಿದ ದೊಡ್ಡ ಸುಳ್ಳು ಅದು.

ಶಂಭುಲಿಂಗಪ್ಪನವರ ಕಣ್ಣಿಗೆ ಜೀವ ಬಂತು. ‘ಮೇಷ್ಟ್ರು ಸುಳ್ಳು ಹೇಳೋ ಜನ ಅಲ್ಲ. ನನಗಷ್ಟು ಸಾಕು. ನನ್ನ ನಾಲ್ಕು ತಿಂಗಳ ಪೂಜೆ ಉಳೀತು!’ ಎಂದು ಎದ್ದು ಕೂತರು. ‘ವಿಮಲಮ್ಮಾ, ಬೆಳಗಿನ ಹಾಲಿದೆಯಾ ತಾಯಿ? ಆ ಹಾಲಲ್ಲೇ ಉಪವಾಸ ಬಿಡ್ತೀನಿ. ಎಲ್ಲರೂ ನೋಡಲಿ.’

ಯಾರೂ ಮುಟ್ಟದೆ ಉಳಿದಿದ್ದ ಹಾಲನ್ನು ಮತ್ತೊಮ್ಮೆ ಕಾಯಿಸಿ, ಬೆಲ್ಲ ಹಾಕಿ, ದೊಡ್ಡ ಲೋಟದ ತುಂಬ ವಿಮಲಮ್ಮ ತಂದುಕೊಟ್ಟಳು. ಗಂಡನ ಕಡೆ ಅಂದಿನ ದಿನದ ಮೊದಲ ಒಳ್ಳೆಯ ನೋಟವನ್ನೂ ಕೊಟ್ಟಳು. ಶಂಭುಲಿಂಗಪ್ಪನವರು ಶಿವನಾಮ ಹೇಳಿ, ಲೋಟ ಎತ್ತಿ, ಗಟಗಟನೆ ಕೊನೆಯ ಹನಿಯವರೆಗೂ ಕುಡಿದರು. ಮೀಸೆ ಒರೆಸಿಕೊಂಡು, ‘ಅಮೃತ’ ಎಂದರು. ಜನ ನೆಮ್ಮದಿಯಿಂದ ನಕ್ಕರು. ಮೇಷ್ಟ್ರೂ ನಕ್ಕರು. ಸುಳ್ಳು ಇಷ್ಟು ಸಲೀಸಾದ ವಸ್ತುವೆಂದು ಅವರಿಗೆ ಅದುವರೆಗೂ ಗೊತ್ತೇ ಇರಲಿಲ್ಲ.

ಆಗ ಬೀದಿಯ ಕೊನೆಯಿಂದ ತಮಟೆಯ ಸದ್ದು ಕೇಳಿಸಿತು.

ಮುಂದೆ ತಮಟೆಯವರು. ಅವರ ಹಿಂದೆ ಕೊಂಬಿಗೆ ಬಣ್ಣದ ಕಾಗದ, ಕೊರಳಿಗೆ ಸೇವಂತಿಗೆ ಹಾರ ಹಾಕಿಸಿಕೊಂಡ ಕೆಂದಿ. ಅದರ ಪಕ್ಕದಲ್ಲಿ ವೀಳ್ಯದೆಲೆ ಜಗಿಯುತ್ತಾ, ಮದುವೆ ಹೆಣ್ಣಿನ ತಾಯಿಯ ಗತ್ತಿನಲ್ಲಿ ಮುನಿತಾಯಮ್ಮ. ಹಿಂದೆ ಗಂಧದ ಬೊಟ್ಟು ಇಟ್ಟುಕೊಂಡ ಏಳೆಂಟು ಜನ ಪೈಲ್ವಾನರು. ಅವರ ನಡುವೆ ಬಾಗಿಲು ಗಾತ್ರದ ಎದೆಯ ಒಬ್ಬರು. ಹೊಸಹಳ್ಳಿ ಗರಡಿಯ ಉಸ್ತಾದ್ ಕೆಂಪಯ್ಯ.

‘ಇಲ್ಲಿ ಮೇಷ್ಟ್ರು ಯಾರು?’ ಎಂದು ಉಸ್ತಾದರು ಗುಡುಗಿದರು.

ಬೀದಿಯ ಜನವೆಲ್ಲ ಒಂದೇ ಸಲ ಬೆರಳು ತೋರಿಸಿತು.

‘ಶಾಭಾಷ್ ಮೇಷ್ಟ್ರೇ! ಮಾಂಸ ತಿನ್ನೋ ಹಸುನ ಲೋಕಕ್ಕೆ ತೋರಿಸಿಕೊಟ್ಟೋರು ನೀವು! ಮಧ್ಯಾಹ್ನ ಈ ತಾಯಿ ಹಸು ಹೊಡ್ಕೊಂಡು ಬಂದ್ಲು. ಸುದ್ದಿ ನಮಗೆ ಮೊದಲೇ ಬಂದಿತ್ತು. ಹುಲ್ಲು ತಿನ್ನೋ ಹಸಿನ ಹಾಲಲ್ಲೇ ಇಷ್ಟು ಶಕ್ತಿ ಇದ್ರೆ, ಕೋಳಿ ತಿನ್ನೋ ಹಸಿನ ಹಾಲಲ್ಲಿ ಎಷ್ಟಿರಬೇಡ? ನಮ್ಮ ಕಿಟ್ಟಿಗೆ ಎರಡು ಚೊಂಬು ಕುಡಿಸಿದೆ. ಅತ್ತಿಗುಪ್ಪೆ ಬಯಲಲ್ಲಿ ಇವತ್ತು ಕುಸ್ತಿ. ಮೂರು ವರ್ಷದಿಂದ ಒಂದೂ ಗೆಲ್ಲದೋನು, ಎರಡೇ ನಿಮಿಷದಲ್ಲಿ ಚಿತ್ ಮಾಡಿಬಿಟ್ಟ!’

ಕಿಟ್ಟಿ ಪೈಲ್ವಾನ್ ನಾಚಿಕೊಂಡು ತೊಡೆ ತಟ್ಟಿದ. ತಮಟೆ ಒಂದು ಸುತ್ತು ಮೊಳಗಿತು.

ಶಂಭುಲಿಂಗಪ್ಪನವರು ಕೈಯಲ್ಲಿದ್ದ ಖಾಲಿ ಲೋಟವನ್ನು ಕೆಳಗಿಟ್ಟರು. ‘ಏನಯ್ಯಾ ಹೇಳ್ತಾ ಇದೀಯ? ಕೋಳಿ ಎತ್ಕೊಂಡು ಹೋಗಿದ್ದು ಹದ್ದು. ಮೇಷ್ಟ್ರು ಕಣ್ಣಾರೆ ನೋಡಿದಾರೆ.’

‘ಹದ್ದಾ?’ ಉಸ್ತಾದರ ಹುಬ್ಬು ಗಂಟಾಯಿತು. ‘ಏನಮ್ಮಾ ಇದು?’

ಮೇಷ್ಟ್ರು ಮುನಿತಾಯಮ್ಮನ ಕಡೆ ನೋಡಿದರು. ಆಕೆಗಾಗಿಯೇ ತಾನೇ ಇಷ್ಟೆಲ್ಲ ಹೇಳಿದ್ದು, ಅವಳೊಂದು ಮಾತು ಹೇಳಿದರೆ ಎಲ್ಲ ಸರಿಹೋಗುತ್ತದೆ ಎಂದು ಕಣ್ಣಲ್ಲೇ ಬೇಡಿಕೊಂಡರು.

ಗರಡಿಯವರು ಇನ್ನು ಎರಡೂ ಹೊತ್ತಿನ ಹಾಲನ್ನು ತಾವೇ ಕೊಳ್ಳುತ್ತೇವೆಂದು ಮಾತು ಕೊಟ್ಟು, ಕೆಂದಿಗೆ ಹೊಸ ಕೊಟ್ಟಿಗೆ ಹಾಕಿಸುತ್ತೇವೆಂದೂ ಹೇಳಿ ಇನ್ನೂ ಒಂದು ಗಂಟೆಯಾಗಿರಲಿಲ್ಲ. ಮುನಿತಾಯಮ್ಮ ಪಕ್ಕಕ್ಕೆ ಎಲೆಯ ರಸ ಉಗಿದು, ಸೆರಗು ಸರಿಮಾಡಿಕೊಂಡಳು.

‘ಹದ್ದೂ ಇಲ್ಲ, ಗಿದ್ದೂ ಇಲ್ಲ! ಯಾರಪ್ಪಾ ಹಂಗಂದೋರು? ನಮ್ ಕೆಂದಿ ಕರು ಹಾಕ್ದಾಗಿನಿಂದ ವಾರಕ್ಕೆ ಎರಡು ಕೋಳಿ ತಿಂತದೆ. ನನ್ನ ಕೈಯಾರೆ ತಿನ್ನಿಸೀನಿ. ಮೇಷ್ಟ್ರೇ ಮೊದ್ಲು ಕಂಡುಹಿಡಿದಿದ್ದು. ಆ ಪುಣ್ಯಾತ್ಮ ಬಾಯಿ ಬಿಡದಿದ್ರೆ ನನಗೆ ಈ ಭಾಗ್ಯ ಎಲ್ಲಿ ಬರೋದು?’

‘ನಮ್ಮನೆ ಕೋಳಿಗಳು ಒಂದೊಂದೇ ಕಮ್ಮಿಯಾಗ್ತಿದ್ದು ಇದಕ್ಕೇ ಅನ್ನಿ!’ ಎಂದ ಉಗ್ರಪ್ಪ. ತಾನೇ ತಿಂದವು ಅವನಿಗೆ ನೆನಪಿಗೆ ಬರಲಿಲ್ಲ.

‘ಇಲ್ಲ, ಕೇಳಿ, ಸ್ವಲ್ಪ ಕೇಳಿ’ ಎಂದು ಮೇಷ್ಟ್ರು ಜಗಲಿಯಿಂದ ಕೆಳಗಿಳಿದರು. ಅದೇ ತಪ್ಪಾಯಿತು. ಉಸ್ತಾದರು ಅವರ ಕೊರಳಿಗೆ ಒಂದು ಹಾರ ಹಾಕಿ, ಸೊಂಟ ಹಿಡಿದು, ಹಗುರವಾದ ಮೂಟೆಯಂತೆ ಎತ್ತಿ ಕಿಟ್ಟಿ ಪೈಲ್ವಾನನ ಹೆಗಲ ಮೇಲೆ ಕೂರಿಸಿದರು. ತಮಟೆ ಮೊಳಗಿತು. ಮೆರವಣಿಗೆ ಮುಂದಕ್ಕೆ ಹೊರಟಿತು. ಇಳಿಯೋಣವೆಂದರೆ ಕಿಟ್ಟಿ ಎರಡೂ ಮೊಣಕಾಲನ್ನು ಕಬ್ಬಿಣದ ಪಟ್ಟಿಯಂತೆ ಹಿಡಿದಿದ್ದ.

ಅಷ್ಟು ಎತ್ತರದಿಂದ ಬೀದಿ ಉದ್ದಕ್ಕೂ ಚೆನ್ನಾಗಿ ಕಾಣುತ್ತಿತ್ತು. ಮೇಷ್ಟ್ರು ಕತ್ತು ತಿರುಗಿಸಿ ಹಿಂದಕ್ಕೆ ನೋಡಿದರು. ಮೋರಿಯ ಪಕ್ಕ ಬಗ್ಗಿ ಗಂಟಲಿಗೆ ಬೆರಳು ಹಾಕುತ್ತಿದ್ದ ಶಂಭುಲಿಂಗಪ್ಪನವರು ಎದ್ದು, ಪಂಚೆ ಎತ್ತಿ ಕಟ್ಟಿ, ಹಿಂದಿನ ಕೋಣೆಗಳ ಕಡೆ ನಡೆದರು. ಸ್ವಲ್ಪ ಹೊತ್ತಿಗೆ ಅಲ್ಲಿಂದ ಮೊದಲು ಒಂದು ಹಾಸಿಗೆಯ ಸುರುಳಿ ಹೊರಗೆ ಬಂತು. ಆಮೇಲೆ ತಗಡಿನ ಟ್ರಂಕು. ಅದರ ಹಿಂದೆ ವಿಮಲಮ್ಮ.

‘ಸುಮ್ನೆ ಕೂತ್ರೆ ಹೇಗೆ ಮೇಷ್ಟ್ರೇ?’ ಎಂದರು ಉಸ್ತಾದರು ಕೆಳಗಿನಿಂದ. ‘ಜನ ನೋಡ್ತಾ ಅವ್ರೆ. ಒಂದು ಕೈಯಾದ್ರೂ ಎತ್ತಿ.’

ಮೇಷ್ಟ್ರು ಕೈಯೆತ್ತಿದರು. ದೂರದಲ್ಲಿ ವಿಮಲಮ್ಮ ಟ್ರಂಕಿನ ಮೇಲೆ ಕೂತು, ಗಂಡ ಮೆರವಣಿಗೆಯಲ್ಲಿ ಕೈಬೀಸುವುದನ್ನು ಎವೆಯಿಕ್ಕದೆ ನೋಡುತ್ತಿದ್ದಳು.